ಕಳೆದುಹೋದ ಹಿರಿಯರ ಸಮಾಧಿಗಲ್ಲು ಹುಡುಕುವುದು ಹೇಗೆ? ವಂಶಾವಳಿ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಮನೆತನದ ಹಿರಿಯರೊಬ್ಬರ ಸಮಾಧಿಗಲ್ಲು ಸಿಕ್ಕಿದ್ದು ಸ್ಮಶಾನದಲ್ಲಲ್ಲ, ಬಚ್ಚಲ ಹಿಂದೆ. ನಾನು ಎರಡು ದಿನ ಹೊಲ, ಹಾಳುಗುಡಿ, ಹಳ್ಳದ ದಂಡೆ ಎಲ್ಲ ಸುತ್ತಿ ಬಂದು ಪಡಸಾಲೆಯಲ್ಲಿ ಕೂತು ಗೊಣಗುತ್ತಿದ್ದೆ. ಚಹಾ ತಂದುಕೊಟ್ಟ ದೊಡ್ಡವ್ವ, “ಒಗೆಯೋ ಕಲ್ಲಿನ ಬುಡಕ ಕೈ ಹಾಕಿದ್ರ ಏನೋ ಕೊರದಂಗ ಕೈಗೆ ಹತ್ತತೈತಿ ನೋಡಪಾ” ಅಂದಳು. ಮೂವತ್ತು ವರ್ಷದಿಂದ ಅದೇ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದವಳು ಅವಳು. ಕೆಳಗೆ ಅಕ್ಷರ ಇರಬಹುದು ಅಂತ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ನಾಲ್ಕು ಜನ ಹಾರೆ ಹಾಕಿ ಕಲ್ಲು ಮಗುಚಿದಾಗ ಸೋಪಿನ ನೊರೆ, ಎರೆಹುಳು, ಅದರಡಿ ಮೂರು ಸಾಲು ಕನ್ನಡ.

ಆವತ್ತಿನಿಂದ ನಾನು ನಂಬಿಕೊಂಡು ಬಂದಿರುವುದು ಒಂದೇ ಮಾತು: ಸಮಾಧಿಗಲ್ಲು ನಾಶವಾಗುವುದು ಕಡಿಮೆ, ಕೆಲಸ ಬದಲಾಯಿಸುವುದು ಹೆಚ್ಚು. ಚಪ್ಪಟೆಯಾದ, ಉದ್ದನೆಯ, ಒಂದು ಮೈ ನುಣುಪಾದ ಕಲ್ಲನ್ನು ನಮ್ಮ ಊರುಗಳಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ಆದ್ದರಿಂದ “ಸಮಾಧಿ ಎಲ್ಲಿದೆ” ಎಂಬ ಪ್ರಶ್ನೆಯನ್ನು ಎರಡು ಮಾಡಿಕೊಳ್ಳಿ. ಹಿರಿಯರನ್ನು ಮಣ್ಣು ಮಾಡಿದ ಜಾಗ ಎಲ್ಲಿ ಎಂಬುದು ಒಂದು, ಆ ಕಲ್ಲು ಈಗ ಯಾರ ಮನೆಯಲ್ಲಿ ಏನು ಕೆಲಸ ಮಾಡುತ್ತಿದೆ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಸಿಕ್ಕಾಗಲೇ ವಂಶಾವಳಿಗೆ ಅದು ಪುರಾವೆ.

ಹೂಳುವ ಪದ್ಧತಿ ಇರುವ ಎಲ್ಲ ಮನೆತನಗಳಿಗೂ ಈ ದಾರಿ ಸಲ್ಲುತ್ತದೆ: ಲಿಂಗಾಯತರು, ಹಳೇ ಮೈಸೂರಿನ ಅನೇಕ ಒಕ್ಕಲು ಮನೆತನಗಳು, ದಲಿತ ಸಮುದಾಯಗಳು, ಕ್ರೈಸ್ತರು, ಮುಸ್ಲಿಮರು. ಸುಡುವ ಪದ್ಧತಿಯವರಿಗೆ ಹುಡುಕುವ ವಸ್ತುವೇ ಬೇರೆ. ಅಲ್ಲಿ ಕೊಡವರ ಕೈಮಡದಂಥ ಹಿರಿಯರ ಗುಡಿ, ಗಂಡನ ಚಿತೆಯೇರಿದವಳ ನೆನಪಿನ ಮಾಸ್ತಿಕಲ್ಲು, ಸನ್ಯಾಸ ತೆಗೆದುಕೊಂಡವರ ಬೃಂದಾವನ ಇಂಥವನ್ನು ನೋಡಬೇಕಾಗುತ್ತದೆ.

ಹೆಜ್ಜೆ 1: ಕೇಳುವ ಪ್ರಶ್ನೆ ಬದಲಿಸಿ

“ನಮ್ಮ ಮುತ್ಯಾನ ಸಮಾಧಿ ಎಲ್ಲಿದೆ?” ಅಂತ ಕೇಳಿದರೆ ಮನೆಯವರು “ಗೊತ್ತಿಲ್ಲ” ಅನ್ನುತ್ತಾರೆ. ಸುಳ್ಳಲ್ಲ, ನಿಜವಾಗಿಯೂ ಗೊತ್ತಿರುವುದಿಲ್ಲ. ಅದೇ, “ಹಿರೇರ ಹಬ್ಬಕ್ಕೆ ಎಡೆ ಎಲ್ಲಿ ಹಿಡೀತಿದ್ರಿ?” ಅಂತ ಕೇಳಿ. “ಆ ಬೇವಿನ ಗಿಡದ ಬುಡಕ” ಅನ್ನುವ ಉತ್ತರ ಬಂದೇ ಬರುತ್ತದೆ. ಯಾಕೆ ಅಲ್ಲೇ ಅಂದರೆ ಅವರಿಗೂ ಗೊತ್ತಿಲ್ಲ. ಪದ್ಧತಿ ಉಳಿದಿರುತ್ತದೆ, ಕಾರಣ ಮರೆತಿರುತ್ತದೆ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಊರಿಗೆ ಹೋದರೆ ಕೇಳುವ ಶ್ರಮವೂ ಇಲ್ಲ. ಯಾರ ಮನೆಯವರು ಬುತ್ತಿ, ಕಾಯಿ ಹಿಡಿದು ಯಾವ ಹೊಲದ ಕಡೆ ನಡೆಯುತ್ತಾರೆ ಅಂತ ನೋಡಿಕೊಂಡು ನಿಂತರಾಯಿತು.

ಯಾರನ್ನು ಕೇಳಬೇಕು ಎಂಬುದೂ ಮುಖ್ಯ. ಮನೆಯ ಯಜಮಾನರಿಗಿಂತ ಸೊಸೆಯಾಗಿ ಬಂದ ಹಿರಿಯ ಹೆಂಗಸರಿಗೆ ಹೆಚ್ಚು ಗೊತ್ತಿರುತ್ತದೆ. ಹೊಸದಾಗಿ ಬಂದಾಗ ಅವರಿಗೆ ಯಾರಾದರೂ “ಇಲ್ಲಿ ಕಾಲಿಡಬೇಡ, ಹಿರೇರಿದ್ದಾರೆ” ಅಂತ ಹೇಳಿರುತ್ತಾರೆ. ಕುರಿ ಕಾಯುವವರನ್ನು, ಟ್ರ್ಯಾಕ್ಟರ್ ಹೊಡೆಯುವವರನ್ನು ಬಿಡಬೇಡಿ. ನೇಗಿಲಿಗೆ ಕಲ್ಲು ತಾಗಿದ ಜಾಗ ಚಾಲಕನಿಗೆ ಮರೆಯುವುದಿಲ್ಲ.

ಕೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ, ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಇನ್ನೂ ಒಳ್ಳೆಯದು. ಮಾತಿನಲ್ಲಿ ಬರುವ ಹೊಲದ ಹೆಸರುಗಳಿಗೆ ಅಡಿಗೆರೆ ಹಾಕಿ. “ಗೋರಿ ಹೊಲ”, “ಗದ್ದಿಗಿ ಪಟ್ಟಿ”, “ಅಜ್ಜನ ಕಟ್ಟಿ” ಇಂಥ ಹೆಸರು ಬಂದರೆ ಅರ್ಧ ಕೆಲಸ ಆದಂತೆ.

ಹೆಜ್ಜೆ 2: ಹೆಳವರನ್ನು ಹುಡುಕಿ

ಬೇರೆ ದೇಶದ ವಂಶಾವಳಿ ಸಂಶೋಧಕರಿಗೆ ಇಲ್ಲದ ಒಂದು ಭಾಗ್ಯ ಉತ್ತರ ಕರ್ನಾಟಕದವರಿಗೆ ಇದೆ. ಅದು ಹೆಳವರು. ತಲೆತಲಾಂತರದಿಂದ ಇಂತಿಂಥ ಊರು, ಇಂತಿಂಥ ಮನೆತನ ಅಂತ ಹಂಚಿಕೊಂಡು, ಕೆಲವು ವರ್ಷಕ್ಕೊಮ್ಮೆ ಬಂದು, ಮನೆ ಮುಂದೆ ನಿಂತು ಹಿರಿಯರ ಹೆಸರು ಸಾಲಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಏರಿಸಿಕೊಂಡು, ಕಾಳುಕಡಿ, ಬಟ್ಟೆ, ದುಡ್ಡು ಪಡೆದು ಹೋಗುವವರು. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಈಗ ಮೋಟರ್‌ಸೈಕಲ್ ಮೇಲೂ ಬರುತ್ತಾರೆ.

ಅವರ ಪುಸ್ತಕದಲ್ಲಿ ಸಮಾಧಿಯ ಜಾಗ ಬರೆದಿರುತ್ತದೆ ಅಂತ ಆಸೆ ಪಡಬೇಡಿ. ಅವರಿಂದ ತಿಳಿಯಬೇಕಾದದ್ದು ಮೂರು ಸಂಗತಿ: ನಿಮ್ಮ ಬೆಡಗು (ಕುಲದೊಳಗಿನ ಬಳಿ) ಯಾವುದು, ಮೂಲ ಊರು ಯಾವುದು, ಅಲ್ಲಿಂದ ಇಲ್ಲಿಗೆ ಎಷ್ಟನೇ ತಲೆಯಲ್ಲಿ ಬಂದಿರಿ. ನಾವು ಒಂದು ಊರಿನಲ್ಲಿ ಹುಡುಕುತ್ತ ಕಾಲ ಕಳೆಯುವಾಗ ಐದನೇ ತಲೆಯ ಹಿರಿಯರು ಹನ್ನೆರಡು ಮೈಲಿ ಆಚೆಯ ಊರಿನಲ್ಲಿ ಮಲಗಿರುತ್ತಾರೆ. ಈ ತಪ್ಪನ್ನು ನಾನೂ ಮಾಡಿದ್ದೇನೆ, ಒಂದು ಬೇಸಿಗೆ ಪೂರ್ತಿ.

ಎರಡು ಎಚ್ಚರಿಕೆ. ಹೆಳವರ ಪುಸ್ತಕದಲ್ಲಿ ಗಂಡುಮಕ್ಕಳ ಸಾಲು ಗಟ್ಟಿ, ಹೆಣ್ಣುಮಕ್ಕಳ ಹೆಸರು ತೆಳು. ಮತ್ತೆ, ಹಾಡಿ ಹೊಗಳುವುದೂ ಅವರ ಕೆಲಸದ ಭಾಗ. ನಿಮ್ಮ ಮುತ್ಯಾ ಸಾವಿರ ಎಕರೆಯ ಧಣಿ ಅಂತ ಹೇಳಿದರೆ ಸಂತೋಷಪಡಿ, ಬರೆದುಕೊಳ್ಳಬೇಡಿ. ಬಂದವರನ್ನು ಬರಿಗೈಯಲ್ಲಿ ಕಳಿಸಬೇಡಿ. ಪುಸ್ತಕದ ಫೋಟೊ ತೆಗೆಯುವ ಮೊದಲು ಕೇಳಿ. ಕೆಲವರು ಒಪ್ಪುವುದಿಲ್ಲ, ಅದು ಅವರ ಬದುಕಿನ ಬಂಡವಾಳ.

ಹೆಜ್ಜೆ 3: ಕಂದಾಯದ ಕಾಗದ

ಮನೆಮಾತು ಒಂದು ಬೇವಿನ ಗಿಡದವರೆಗೆ ಕರೆತಂದಿತು ಅನ್ನಿ. ಆ ಗಿಡ ಈಗ ಯಾರ ಸರ್ವೆ ನಂಬರಿನಲ್ಲಿದೆ? ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲಿ ನಿಂತರೆ ನಂಬರು ತೋರಿಸುತ್ತದೆ. ನಂಬರು ಸಿಕ್ಕ ಮೇಲೆ ಪಹಣಿ ನೋಡಿ. ಈಗಿನ ಮಾಲೀಕರ ಹೆಸರಿಗಿಂತ ನಮಗೆ ಬೇಕಾದದ್ದು ಖರಾಬಿನ ಲೆಕ್ಕ. ‘ಅ’ ಖರಾಬು ಅಂದರೆ ಸಾಗುವಳಿಗೆ ಬಾರದ ಜಾಗ. ‘ಬ’ ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ್ದು. ಸಪಾಟಾದ ಎರೆ ಹೊಲದ ನಡುವೆ ಒಂದೆರಡು ಗುಂಟೆ ಖರಾಬು ತೋರಿಸಿದ್ದರೆ ಯಾಕೆ ಅಂತ ಕೇಳಲೇಬೇಕು.

ಆಮೇಲೆ ಹಿಂದಕ್ಕೆ ನಡೆಯಿರಿ. ಖಾತೆ ಬದಲಾದದ್ದನ್ನು ಬರೆದ ಮುಟೇಶನ್ ನೋಂದಣಿ, ಕೈಬರಹದ ಹಳೇ ಪಹಣಿ, ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯ ಬರೆದ ಆಕಾರಬಂದ್, ಅಳತೆಯ ಟಿಪ್ಪಣಿ, ಗ್ರಾಮ ನಕ್ಷೆ ಇವೆಲ್ಲ ತಾಲ್ಲೂಕು ಮತ್ತು ಭೂಮಾಪನ ಕಚೇರಿಗಳ ದಾಖಲೆ ಕೋಣೆಯಲ್ಲಿ ಇರುತ್ತವೆ. ಇವುಗಳಲ್ಲಿ ನನ್ನ ಅನುಭವದಲ್ಲಿ ಹೆಚ್ಚು ಮಾತಾಡುವುದು ಟಿಪ್ಪಣಿ. ಅಳತೆಗೆ ಬಂದವರು ಬದು, ಬಾವಿ, ಗುಡಿ, ದಾರಿ ಅಂತ ಕಂಡದ್ದನ್ನು ಚಿಕ್ಕ ಗುರುತಿನಲ್ಲಿ ಹಾಕಿರುತ್ತಾರೆ. ಮುಂಬೈ ಕರ್ನಾಟಕದ ಹಳೆಯ ಕಾಗದ ಮರಾಠಿಯ ಮೋಡಿ ಲಿಪಿಯಲ್ಲಿ ಇರಬಹುದು. ಮೋಡಿ ಓದಬಲ್ಲವರು ಕಡಿಮೆ ಆಗಿದ್ದಾರೆ, ಪೂರ್ತಿ ಇಲ್ಲವಾಗಿಲ್ಲ. ಇನ್ನೊಂದು ತೊಡಕು ಜಿಲ್ಲೆಯ ಹೆಸರಿನದು. ಈಗಿನ ವಿಜಯಪುರ, ಬಾಗಲಕೋಟೆ ಸೀಮೆಯ 1885ಕ್ಕಿಂತ ಹಿಂದಿನ ಸರ್ಕಾರಿ ಕಾಗದದಲ್ಲಿ ಜಿಲ್ಲೆ ಕಲಾದಗಿ. ಆ ಹೆಸರು ಗೊತ್ತಿಲ್ಲದೆ ಹುಡುಕಿದರೆ ಏನೂ ಸಿಗುವುದಿಲ್ಲ.

ಸರ್ಕಾರಿ ಕಚೇರಿಯಲ್ಲಿ “ವಂಶಾವಳಿ ಬರೀತಿದ್ದೀನಿ” ಅಂದರೆ ಮೊದಲು ಎದುರಾಗುವುದು ಅನುಮಾನ. ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು ನನ್ನನ್ನು ಅರ್ಧ ದಿನ ಕೂರಿಸಿ, ಕೊನೆಗೆ “ದಾವೆ ಹಾಕ್ತೀರೇನು?” ಅಂತ ಕೇಳಿದರು. ಸಮಾಧಿ ಹುಡುಕುತ್ತಿದ್ದೇನೆ ಅಂತ ಬಿಡಿಸಿ ಹೇಳಿದ ಮೇಲೆ ಅವರೇ ಏಣಿ ಹತ್ತಿ ಕಟ್ಟು ಇಳಿಸಿದರು. ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೆಜ್ಜೆ 4: ಚರ್ಚು, ಖಬರಸ್ತಾನ, ದಂಡಿನ ಸ್ಮಶಾನ

ಕ್ರೈಸ್ತ ಮನೆತನದವರು ಕಲ್ಲಿನಿಂದ ಶುರು ಮಾಡದೆ ಚರ್ಚಿನ ಮರಣ ನೋಂದಣಿ ಪುಸ್ತಕದಿಂದ ಶುರು ಮಾಡಬೇಕು. ಅನೇಕ ಕಡೆ ಜಾಗದ ಅಭಾವದಿಂದ ಒಂದೇ ಗುಂಡಿಯನ್ನು ಕೆಲವು ವರ್ಷಗಳ ನಂತರ ಇನ್ನೊಬ್ಬರಿಗೆ ಬಳಸುತ್ತಾರೆ. ಮೇಲಿನ ಕಲ್ಲು ಆಗ ಕಾಂಪೌಂಡ್ ಗೋಡೆಗೆ ಒರಗುತ್ತದೆ, ಇಲ್ಲವೇ ಕಾಲುದಾರಿಗೆ ಹಾಸಾಗುತ್ತದೆ. ಹಾಗಾಗಿ ಗೋಡೆಯ ಸುತ್ತ ಒಮ್ಮೆ, ಕಾಲುದಾರಿಯ ಮೇಲೆ ಒಮ್ಮೆ ತಲೆ ತಗ್ಗಿಸಿ ನಡೆಯಿರಿ. ಮಂಗಳೂರಿನ ಕ್ಯಾಥೊಲಿಕ್ ಮನೆತನಗಳಿಗೆ 1784 ಒಂದು ದೊಡ್ಡ ಗೋಡೆ. ಟಿಪ್ಪು ಅವರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ವರ್ಷ ಅದು, ಚರ್ಚುಗಳೂ ಉರುಳಿದವು. 1799ರ ನಂತರ ಮರಳಿ ಬಂದವರಿಂದ ದಾಖಲೆ ಮತ್ತೆ ಶುರುವಾಗುತ್ತದೆ. ಅದಕ್ಕಿಂತ ಹಿಂದಿನ ಕಲ್ಲು ಸಿಕ್ಕರೆ ಅದೃಷ್ಟ. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಸಭೆಗೆ ಸೇರಿದ ಮನೆತನದವರು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ ಸಂಗ್ರಹಾಲಯದ ಕಾಗದ, ಫೋಟೊಗಳನ್ನೂ ನೋಡಬೇಕು.

ಬೆಂಗಳೂರು ದಂಡು, ಬಳ್ಳಾರಿ, ಕೋಲಾರದ ಚಿನ್ನದ ಗಣಿ ಕಡೆಯ ಆಂಗ್ಲೋ ಇಂಡಿಯನ್ ಮತ್ತು ಬ್ರಿಟಿಷ್ ಮನೆತನಗಳವರಿಗೆ ಕಲ್ಲು ಹೋದರೂ ಕಾಗದ ಉಳಿದಿದೆ. ಮದ್ರಾಸ್ ಪ್ರಾಂತದ ಪಾದ್ರಿಗಳು ಕಳಿಸಿದ ದೀಕ್ಷಾಸ್ನಾನ, ಮದುವೆ, ಹೂಳಿದ ದಾಖಲೆಗಳ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಎನ್/2 ಎಂಬ ಗುರುತಿನಲ್ಲಿವೆ. ಎನ್/1 ಬಂಗಾಳದ್ದು, ಎನ್/3 ಮುಂಬೈಯದು. ಈ ಸ್ಮಶಾನಗಳ ಹಿತ ನೋಡಿಕೊಳ್ಳುವ ಬಾಕ್ಸಾ, ವಂಶಾವಳಿ ಹುಡುಕುವವರ ಫಿಬಿಸ್ ಎಂಬ ಎರಡು ಬ್ರಿಟಿಷ್ ಸಂಘಗಳೂ ಶಾಸನಪಾಠಗಳನ್ನು ಒಟ್ಟು ಮಾಡಿವೆ. ವಂಶಸ್ಥರೇ ಬಂದು ಉಳಿಸಿಕೊಂಡದ್ದಕ್ಕೆ ಕಣ್ಣೆದುರಿನ ಉದಾಹರಣೆ ಬೇಕೆಂದರೆ ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನಕ್ಕೆ ಹೋಗಿ. ಗಿಡಗಂಟಿ ಮುಚ್ಚಿ ಕುಸಿಯುತ್ತಿದ್ದ ಆ ಜಾಗವನ್ನು ದುರಸ್ತಿ ಮಾಡಿಸಿದವರು 1799ರ ಮುತ್ತಿಗೆಯಲ್ಲಿದ್ದ ಸ್ವಿಸ್ ಡಿ ಮ್ಯೂರೋನ್ ರೆಜಿಮೆಂಟಿನ ಮನೆತನದವರು.

ಖಬರಸ್ತಾನದಲ್ಲಿ ಬಹಳಷ್ಟು ಗೋರಿಗಳಿಗೆ ಹೆಸರೇ ಇರುವುದಿಲ್ಲ, ಮಣ್ಣಿನ ದಿಬ್ಬವೇ ಗೋರಿ. ಹಳೆಯ ಕಲ್ಲುಗೋರಿಗಳಲ್ಲಿ ಹೆಸರು ಅಳಿದಿದ್ದರೂ ಆಕಾರ ಸುಳಿವು ಕೊಡುತ್ತದೆ. ಮೇಲ್ಭಾಗದಲ್ಲಿ ಉದ್ದಕ್ಕೆ ಲೇಖನಿಯ ಪೆಟ್ಟಿಗೆಯಂತೆ ಉಬ್ಬಿದ್ದರೆ ಗಂಡಸಿನದು, ಹಲಗೆಯಂತೆ ಚಪ್ಪಟೆಯಾಗಿದ್ದರೆ ಹೆಂಗಸಿನದು ಎಂಬುದು ದಖ್ಖನಿನ ವಾಡಿಕೆ.

ಹೆಜ್ಜೆ 5: ಕಲ್ಲನ್ನು ಹುಡುಕುವುದು

ಇಷ್ಟಾದ ಮೇಲೆ ಕಾಲಿಗೆ ಕೆಲಸ. ಸುಗ್ಗಿ ಮುಗಿದು ಹೊಲ ಬೋಳಾಗಿರುವ ಫೆಬ್ರುವರಿಯಿಂದ ಮೇ ತನಕ ಸರಿಯಾದ ಕಾಲ. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ನೆಲದ ಸಣ್ಣ ಉಬ್ಬು ತಗ್ಗೂ ನೆರಳು ಚೆಲ್ಲುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಬಿಸಿಲು ಬಡಿಯುತ್ತದೆ, ಬೇರೇನೂ ಕಾಣುವುದಿಲ್ಲ.

ಊರೊಳಗೆ ನೋಡಬೇಕಾದ ಜಾಗಗಳು: ಬಾವಿಯ ಮೆಟ್ಟಿಲು, ಬಚ್ಚಲ ಹಾಸು, ಒಗೆಯುವ ಕಲ್ಲು, ಕೊಟ್ಟಿಗೆಯ ನೆಲ, ಹೊಸ್ತಿಲು, ಗಟಾರದ ಮೇಲಿನ ಚಪ್ಪಡಿ, ಕಟ್ಟೆಯ ಅಂಚು, ಒಡ್ಡಿನ ಬದು. ಅಕ್ಷರದ ಮೈ ಬಹುತೇಕ ಕೆಳಗಿರುತ್ತದೆ. ಅದಕ್ಕೆ ಭಕ್ತಿ ಕಾರಣ ಇರಬಹುದು, ಅಕ್ಷರ ತುಳಿಯಬಾರದು ಅಂತ. ಕೊರೆದ ಮೈ ಕಾಲಿಗೆ ಒರಟು ಎಂಬ ಕಾರಣವೂ ಇರಬಹುದು. ಎರಡರಿಂದಲೂ ನಮಗೇ ಲಾಭ. ಮಗುಚಿ ಬಿದ್ದ ಕಲ್ಲಿನ ಅಕ್ಷರ ಮಳೆ ಬಿಸಿಲು ಕಾಣದೆ ಹೊಸದರಂತೆ ಇರುತ್ತದೆ. ನಮ್ಮ ಕಲ್ಲಿನ ಅಕ್ಷರ ಉಳಿದದ್ದೂ ಹೀಗೇ.

ಪೂಜೆಗೊಳ್ಳುವ ಕಲ್ಲುಗಳೂ ಇವೆ. ಎಣ್ಣೆ, ಕುಂಕುಮ, ಆಯಿಲ್ ಪೇಂಟ್ ಪದರಗಳಡಿ ಏನಿದೆ ಅಂತ ಪೂಜಾರಿಗೂ ಗೊತ್ತಿರುವುದಿಲ್ಲ. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಕಂಬದಿಂದ ಬಳೆ ತೊಟ್ಟ ಕೈ ಚಾಚಿದ್ದರೆ ಅದು ಮಾಸ್ತಿಕಲ್ಲು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಪೂಜೆ ಅಂತ ಮೂರು ಅಂತಸ್ತು ಇದ್ದರೆ ವೀರಗಲ್ಲು. ಊರ ಮುಂದಿನ ವೀರಗಲ್ಲು ನಮ್ಮ ಮನೆತನದ್ದೇ ಅಂತ ಹೇಳಿಕೊಳ್ಳುವ ಆಸೆ ಯಾರಿಗಿಲ್ಲ? ಆದರೆ ಏಳೆಂಟು ನೂರು ವರ್ಷದ ನಡುವಿನ ತಲೆಮಾರುಗಳನ್ನು ಜೋಡಿಸುವ ದಾಖಲೆ ಇಲ್ಲದೆ ಅದನ್ನು ವಂಶವೃಕ್ಷಕ್ಕೆ ಏರಿಸಬೇಡಿ.

ಹಾಗಂತ ಆ ಕಲ್ಲುಗಳನ್ನು ಕಡೆಗಣಿಸಬೇಕಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ತೋಡುವಾಗ ಎದ್ದ ಕಲ್ಲು ಸುಮಾರು ಕ್ರಿ.ಶ. 750ರ, ಗಂಗರ ಶ್ರೀಪುರುಷನ ಕಾಲದ ಕಿತ್ತಯ್ಯ ಎಂಬ ವೀರನದ್ದು. ಆಸಕ್ತರ ಕಣ್ಣಿಗೆ ಬೀಳದಿದ್ದರೆ ಮತ್ತೆ ಮಣ್ಣಿನಡಿ ಹೋಗುತ್ತಿತ್ತು. ಈಗ ಅದಕ್ಕೊಂದು ಮಂಟಪ ಇದೆ. ನಿಮ್ಮ ಊರಿನ ಹಳೆಯ ಕಲ್ಲು ಮೊದಲೇ ದಾಖಲಾಗಿದೆಯೇ ಅಂತ ನೋಡಲು ಹಳೇ ಮೈಸೂರು ಮತ್ತು ಕೊಡಗಿನವರು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಜಿಲ್ಲಾವಾರು ಸಂಪುಟ ತೆಗೆಯಬೇಕು. ಅದರಲ್ಲಿ ಊರು, ಹೊಲ, ಗುಡಿಯ ದಿಕ್ಕು ಸಮೇತ ಜಾಗ ಕೊಟ್ಟಿದ್ದಾರೆ. ಆ ಗುರುತು ಹಿಡಿದು ಹೋದರೆ ಎಷ್ಟೋ ಕಡೆ ಜಾಗ ಸಿಗುತ್ತದೆ, ಕಲ್ಲು ಸಿಗುವುದಿಲ್ಲ. ನೂರು ವರ್ಷದಲ್ಲಿ ನಡೆದ ಕಳವಿನ ಲೆಕ್ಕವೂ ಆ ಸಂಪುಟಗಳಲ್ಲೇ ಇದೆ ಅನ್ನಬಹುದು.

ಮುಳುಗಡೆ ಊರಿನವರ ಕಷ್ಟ ಬೇರೆ. ಕನ್ನಂಬಾಡಿ, ತುಂಗಭದ್ರಾ, ಲಿಂಗನಮಕ್ಕಿ, ಹೇಮಾವತಿ, ಆಲಮಟ್ಟಿ ಹಿನ್ನೀರಿನಡಿ ಹೋದ ಹಿರಿಯರಿಗೆ ಲೆಕ್ಕವಿಲ್ಲ. ಮುಳುಗುವ ಮೊದಲು ದೇವರನ್ನು ಹೊತ್ತು ತಂದರು, ಸಮಾಧಿಯನ್ನು ತರಲಾಗಲಿಲ್ಲ. ಬೇಸಿಗೆಯ ಕೊನೆಗೆ, ಮುಂಗಾರು ಹಿಡಿಯುವ ಮುನ್ನ, ನೀರು ತೀರ ಇಳಿದಾಗ ಹೋಗಿ ನೋಡಿ. ಹೋಗುವ ಮೊದಲು ಹಳೆಯ ಗ್ರಾಮ ನಕ್ಷೆಯ ಪ್ರತಿ ಕೈಯಲ್ಲಿರಲಿ, ಇಲ್ಲದಿದ್ದರೆ ಬಿರುಕುಬಿಟ್ಟ ಕೆಸರಿನಲ್ಲಿ ಎಲ್ಲ ಒಂದೇ. ಒಬ್ಬರೇ ಹೋಗಬೇಡಿ. ಮೇಲೆ ಒಣಗಿದಂತೆ ಕಾಣುವ ಹೂಳು ಕೆಳಗೆ ಮೊಣಕಾಲುದ್ದ ಇರುತ್ತದೆ. ಭೂಸ್ವಾಧೀನದ ಕಡತಗಳಲ್ಲಿ ಪರಿಹಾರಕ್ಕಾಗಿ ಬಾವಿ, ಮರ, ಕಟ್ಟಡಗಳ ಪಟ್ಟಿ ಮಾಡಿರುತ್ತಾರೆ. ಕಟ್ಟೆ ಕಟ್ಟಿದ ಗದ್ದುಗೆ ಇದ್ದರೆ ಆ ಪಟ್ಟಿಯಲ್ಲೂ ಹುಡುಕಬಹುದು.

ಹೆಜ್ಜೆ 6: ಓದುವ ಮೊದಲು ಕೈ ಕಟ್ಟಿಕೊಳ್ಳಿ

ಕಲ್ಲು ಸಿಕ್ಕ ಹಿಗ್ಗಿನಲ್ಲಿ ಮಾಡುವ ಮೊದಲ ಕೆಲಸವೇ ಕೆಟ್ಟದ್ದು: ತಿಕ್ಕುವುದು. ತಂತಿ ಬ್ರಷ್, ಆ್ಯಸಿಡ್, ಬ್ಲೀಚಿಂಗ್ ಪೌಡರ್, ಸೋಪಿನ ಪುಡಿ, ಮರಳು ಕಾಗದ, ಜೋರು ನೀರಿನ ಪಂಪು ಯಾವುದೂ ಬೇಡ. ನಿಂಬೆಹುಳಿಯೂ ಬೇಡ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಹುಳಿ ಬಿದ್ದಲ್ಲಿ ಕರಗುತ್ತದೆ. ಮೇಲಾಗಿ ಅದು ಪದರ ಪದರ ಏಳುವ ಜಾತಿ, ಒಂದು ಪದರ ಹಾರಿದರೆ ಒಂದು ಸಾಲು ಹೋಯಿತು. ಬಾದಾಮಿ ಸೀಮೆಯ ಕೆಂಪು ಮರಳುಗಲ್ಲು ಉದುರುತ್ತದೆ. ಇಳಕಲ್ ಕಲ್ಲು, ಮೈಸೂರು ಕಡೆಯ ಗ್ರಾನೈಟು ಗಟ್ಟಿ, ಆದರೂ ಅವಸರ ಬೇಡ. ಕರಾವಳಿಯ ಮುರಕಲ್ಲಿನಲ್ಲಿ ಅಕ್ಷರ ನಿಲ್ಲುವುದಿಲ್ಲ. ಅಲ್ಲಿ ಹೆಸರಿನ ಫಲಕ ಬೇರೆ ಇದ್ದು ಕಳಚಿ ಬಿದ್ದಿರುತ್ತದೆ, ಸುತ್ತ ಹತ್ತಡಿ ಹುಡುಕಿ.

ಶುದ್ಧ ನೀರು, ಮೃದುವಾದ ಬ್ರಷ್, ಬಿದಿರಿನ ಕಡ್ಡಿ ಇಷ್ಟೇ ಸಲಕರಣೆ. ನೀರು ಚಿಮುಕಿಸಿ ಕಾಲು ಗಂಟೆ ಬಿಟ್ಟು ಮೇಲಿನ ಮಣ್ಣು ಮಾತ್ರ ತೆಗೆಯಿರಿ. ಕಲ್ಲುಹೂವು ಗಟ್ಟಿಯಾಗಿ ಅಂಟಿದ್ದರೆ ಬಿಟ್ಟುಬಿಡಿ. ಅಕ್ಷರಕ್ಕೆ ಸೀಮೆಸುಣ್ಣ ತುಂಬಬೇಡಿ. ಚಂದ ಕಾಣುತ್ತದೆ ನಿಜ, ಆದರೆ ನೀವು ತಪ್ಪಾಗಿ ಓದಿದ್ದನ್ನೇ ಮುಂದಿನವರೂ ಓದುವಂತಾಗುತ್ತದೆ.

ಓದಲು ಬೇಕಾದದ್ದು ಬೆಳಕಿನ ಓರೆ. ಹಗಲಿನಲ್ಲಿ ಮನೆಯ ಕನ್ನಡಿಯೊಂದನ್ನು ತಂದು ಬಿಸಿಲನ್ನು ಪಕ್ಕದಿಂದ ಹಾಯಿಸಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಸಮವಾಗಿ ಮಲಗಿಸಿ ಒಂದೊಂದೇ ಬದಿಯಿಂದ ಬಿಟ್ಟರೆ ಬೆರಳಿಗೂ ಸಿಗದ ಗೆರೆ ಎದ್ದು ಬರುತ್ತದೆ. ನಮ್ಮ ಕಲ್ಲಿನ ಮೂರನೇ ಸಾಲು ಹಗಲೆಲ್ಲ ಬರೀ ಗೀರು. ಸಂಜೆ ಏಳಕ್ಕೆ, ಎಡಗಡೆಯಿಂದ ಟಾರ್ಚು ಹಿಡಿದಾಗ “ಈಶ್ವರ ಸಂ” ಎಂಬ ನಾಲ್ಕು ಅಕ್ಷರ ಒಮ್ಮೆಲೇ ಕಂಡವು. ಕೂಡಲೇ ಅಂಗಳದಲ್ಲಿ ನೆರೆದವರೆಲ್ಲ ಸುಮ್ಮನಾದರು.

ಆದರೆ ರಾತ್ರಿ ಟಾರ್ಚು ಹಿಡಿದು ಹೊಲದಲ್ಲಿ ಕಲ್ಲಿನ ಸುತ್ತ ಕೂರುವ ಮೊದಲು ಊರಿಗೆಲ್ಲ ಹೇಳಿ. ಹೇಳದಿದ್ದರೆ ನೀವು ನಿಧಿ ಕಳ್ಳರು. ನಿಧಿ ಆಸೆಗೆ ಗದ್ದುಗೆ, ವೀರಗಲ್ಲು ಕಿತ್ತುಹಾಕಿದ ಕಥೆ ಪ್ರತಿ ತಾಲ್ಲೂಕಿನಲ್ಲೂ ಇರುವುದರಿಂದ ಜನ ಅನುಮಾನಪಡುವುದು ಸರಿಯೇ.

ಬ್ರಿಟಿಷ್ ಕಾಲದ ಅಮೃತಶಿಲೆಯಲ್ಲಿ ಸೀಸ ತುಂಬಿದ ಅಕ್ಷರಗಳಿರುತ್ತವೆ. ಸೀಸ ಉದುರಿ ಹೋಗಿದ್ದರೂ ಅದನ್ನು ಹಿಡಿದಿಡಲು ಕೊರೆದ ಸಣ್ಣ ತೂತುಗಳು ಉಳಿದಿರುತ್ತವೆ. ತೂತುಗಳನ್ನು ಚುಕ್ಕಿ ರಂಗೋಲಿಯಂತೆ ಕಾಗದಕ್ಕೆ ಇಳಿಸಿ ಜೋಡಿಸಿದರೆ ಹೆಸರು ತಿರುಗಿ ಬರುತ್ತದೆ.

ಹೆಜ್ಜೆ 7: ತೇದಿ ಬಿಡಿಸುವುದು

ಹೆಚ್ಚಿನವರು ಎಡವುವುದು ಇಲ್ಲೇ. ಶಕ ವರ್ಷ ಕೊಟ್ಟಿದ್ದರೆ 78 ಕೂಡಿಸಿ. ತಿಂಗಳು ಮಾಘ, ಫಾಲ್ಗುಣ ಆಗಿದ್ದರೆ ಇಂಗ್ಲಿಷ್ ಹೊಸ ವರ್ಷ ದಾಟಿರುತ್ತದೆ, 79 ಕೂಡಿಸಿ. ಹೈದರಾಬಾದ್ ಸೀಮೆಯ ಕಾಗದ, ಕಲ್ಲುಗಳಲ್ಲಿ ಫಸಲಿ ಎಂಬ ಕಂದಾಯ ವರ್ಷ ಬರುತ್ತದೆ, ಅದಕ್ಕೆ 590 ಕೂಡಿಸಿದರೆ ಹತ್ತಿರ ಬರುತ್ತದೆ. ಹಿಜರಿ ಚಾಂದ್ರ ವರ್ಷವಾದ್ದರಿಂದ ಬರೀ ಕೂಡಿಸಿದರಾಗದು. 0.97ರಿಂದ ಗುಣಿಸಿ 622 ಕೂಡಿಸಿ. ಟಿಪ್ಪು ಸತ್ತ ಹಿಜರಿ 1213ಕ್ಕೆ ಹಾಗೆ ಮಾಡಿದರೆ 1799ರ ಹತ್ತಿರ ಬರುತ್ತದೆ, ಲೆಕ್ಕ ಸರಿಯಿದೆ ಅಂತ ಗೊತ್ತಾಗುತ್ತದೆ. ಫಾರಸಿ ಗೋರಿಬರಹಗಳಲ್ಲಿ ವರ್ಷವನ್ನು ಅಂಕಿಯಲ್ಲಿ ಬರೆಯದೆ ಪದ್ಯದ ಅಕ್ಷರಗಳ ಬೆಲೆಯಲ್ಲಿ ಅಡಗಿಸುವ ರೂಢಿಯೂ ಇದೆ. ಫಾರಸಿ ಬಲ್ಲವರ ನೆರವು ಬೇಕಾಗುತ್ತದೆ.

ಕನ್ನಡ ಅಂಕಿಗಳಲ್ಲಿ ಸವೆದ ೬ ಮತ್ತು ೯ ಒಂದನ್ನೊಂದು ನುಂಗುತ್ತವೆ. ಎರಡೂ ಓದನ್ನು ಬರೆದಿಟ್ಟುಕೊಂಡು ಸಂವತ್ಸರದ ಹೆಸರಿನೊಂದಿಗೆ ತಾಳೆ ನೋಡಿ. ಶಕ ವರ್ಷಕ್ಕೂ ಸಂವತ್ಸರಕ್ಕೂ ಹೊಂದುವ ಓದೇ ಸರಿ.

ಬರೀ ಸಂವತ್ಸರ ಇದ್ದರೆ ಅರವತ್ತು ವರ್ಷಕ್ಕೊಂದು ಸಾಧ್ಯತೆ. ನಮ್ಮ ಕಲ್ಲಿನ ‘ಈಶ್ವರ’ 1877–78 ಆಗಬಹುದು, 1937–38 ಆಗಬಹುದು. ಅಜ್ಜ 1937ರ ಹೊತ್ತಿಗೆ ಹೊಲಕ್ಕೆ ಹೋಗುವ ಹುಡುಗ. ಈ ಹಿರಿಯರನ್ನು ಕಣ್ಣಾರೆ ಕಂಡಿಲ್ಲ ಅಂತ ಅವನು ಹೇಳುತ್ತಿದ್ದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ 1877. ಅಂದರೆ ಧಾತು, ಈಶ್ವರ ಎಂಬ ಎರಡು ಸಂವತ್ಸರ ಬಿದ್ದ 1876–78ರ ಬರದ ಎರಡನೇ ವರ್ಷ. ನಮ್ಮ ಸೀಮೆಯಲ್ಲಿ ಜನ, ದನ ಗುಂಪು ಗುಂಪಾಗಿ ಸತ್ತ ಕಾಲ.

ಇಲ್ಲೇ ನನಗೆ ಒಂದು ತೊಡಕು ಕಂಡಿತು. ಹಿಡಿ ಜೋಳ ಸಿಗದ ವರ್ಷದಲ್ಲಿ ಕಲ್ಲುಕುಟಿಗನನ್ನು ಕರೆದು ಅಕ್ಷರ ಕೊರೆಸಿದವರು ಯಾರು? ಯಾರೂ ಅಲ್ಲ. ಕಲ್ಲು ಆಮೇಲೆ ಬಂದದ್ದು, ಬಹುಶಃ ಮಗನ ಕಾಲದಲ್ಲಿ, ಕೈಯಲ್ಲಿ ನಾಲ್ಕು ಕಾಸು ಆಡಿದಾಗ. ಅಂದರೆ ಕಲ್ಲಿನ ಮೇಲಿನ ತೇದಿ ನೆನಪಿನಿಂದ ಬರೆದದ್ದು. ವಂಶಾವಳಿಯಲ್ಲಿ ಹಾಗೆಯೇ ಗುರುತು ಹಾಕಬೇಕು: “ಮರಣ ಈಶ್ವರ ಸಂವತ್ಸರ, ನಂತರದ ಕಾಲದ ಕಲ್ಲಿನ ಪ್ರಕಾರ.” ಕಲ್ಲಿನಲ್ಲಿ ಕೊರೆದದ್ದೆಲ್ಲ ಸತ್ಯ ಎಂಬ ಭಕ್ತಿ ಒಳ್ಳೆಯದಲ್ಲ. ಕೊರೆದವನಿಗೆ ಅಕ್ಷರ ಬಾರದೆ ಬರೀ ಆಕಾರ ನಕಲು ಮಾಡಿರುವುದೂ ಉಂಟು. ದೀರ್ಘ, ಒತ್ತು ತಪ್ಪಿದ್ದರೆ ತಿದ್ದದೆ ಇದ್ದಂತೆಯೇ ಬರೆದುಕೊಂಡು, ನಿಮ್ಮ ಓದನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ.

ಹೆಜ್ಜೆ 8: ಮೂಲ ಜಾಗಕ್ಕೆ ಜೋಡಿಸುವುದು

ಅಲೆದ ಕಲ್ಲು ಯಾವ ಸಮಾಧಿಯದು ಅಂತ ಹೇಗೆ ತೀರ್ಮಾನಿಸುವುದು? ಎಡೆ ಹಿಡಿಯುತ್ತಿದ್ದ ಬೇವಿನ ಗಿಡದ ಬುಡದಲ್ಲಿ, ಬದುವಿಗೆ ಸೇರಿಹೋದ ಒಂದು ಕಟ್ಟೆಯ ತುಣುಕಿತ್ತು. ಮಣ್ಣು ಸರಿಸಿದಾಗ ನಡುವೆ ಉದ್ದನೆಯ ಗುಳಿ. ಕಲ್ಲಿನ ತಳದಲ್ಲಿ ಒರಟಾಗಿ ಬಿಟ್ಟ ಮೊಳೆಯಂಥ ಭಾಗ ಅಳೆದೆವು: ಅಗಲ ಹನ್ನೊಂದು ಇಂಚು, ದಪ್ಪ ನಾಲ್ಕು. ಗುಳಿ ಹನ್ನೊಂದೂವರೆ, ನಾಲ್ಕೂವರೆ. ಕಲ್ಲಿನ ಜಾತಿಯೂ ಒಂದೇ. ಮನೆಮಾತು, ಟಿಪ್ಪಣಿಯ ಗುರುತು, ಅಳತೆ ಮೂರೂ ಒಂದೇ ಕಡೆ ಬೆರಳು ತೋರಿಸಿದ ಮೇಲೆಯೇ ನಾನು ಪುಸ್ತಕದಲ್ಲಿ ಬರೆದೆ. ಮೂರರಲ್ಲಿ ಒಂದೇ ಇದ್ದಿದ್ದರೆ “ಇರಬಹುದು” ಅಂತ ಬರೆಯುತ್ತಿದ್ದೆ.

ಸಮಾಧಿಯನ್ನು ಮಾತ್ರ ಅಗೆಯಬೇಡಿ. ಕಟ್ಟೆಯ ಮೇಲಿನ ಸಡಿಲ ಮಣ್ಣು ಸರಿಸುವುದು ಬೇರೆ, ಗುದ್ದಲಿ ಹಾಕುವುದು ಬೇರೆ. ಸ್ಮಶಾನ, ಸಮಾಧಿಗಳಿಗೆ ಅಪಚಾರವಾಗುವಂತೆ ಅತಿಕ್ರಮಿಸುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 301ರ ಅಪರಾಧ. ನೂರು ವರ್ಷ ದಾಟಿದ ಶಾಸನ, ಶಿಲ್ಪಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ವೀರಗಲ್ಲಿನಂಥದ್ದು ಸಿಕ್ಕರೆ ಅಲುಗಾಡಿಸದೆ ಪುರಾತತ್ವ ಇಲಾಖೆಗೆ ತಿಳಿಸಿ. ಮನೆಯ ಶೋಕೇಸಿಗೆ ತರುವ ವಸ್ತು ಅದಲ್ಲ.

ಹೆಜ್ಜೆ 9: ಹೊಲದ ಈಗಿನ ಮಾಲೀಕರು

ಇದು ಕಲ್ಲಿಗಿಂತ ಗಟ್ಟಿ ವಿಷಯ. ಪಾಲಾಗಿ, ಮಾರಾಟವಾಗಿ, ಮೂರು ಕೈ ದಾಟಿದ ಹೊಲದಲ್ಲಿ ನಿಮ್ಮ ಹಿರಿಯರಿದ್ದಾರೆ ಅಂದರೆ ಮಾಲೀಕನಿಗೆ ಕೇಳಿಸುವುದು “ನಮ್ಮ ಹೊಲ” ಎಂಬ ಎರಡು ಪದ ಮಾತ್ರ. ನಾಳೆ ದಾರಿ ಕೇಳುತ್ತಾರೆ, ನಾಡಿದ್ದು ಗುಂಟೆ ಕೇಳುತ್ತಾರೆ ಎಂಬ ಹೆದರಿಕೆ ಸಹಜ. ಎಷ್ಟೋ ಕಲ್ಲುಗಳು ರಾತ್ರೋರಾತ್ರಿ ಮಾಯವಾಗುವುದು ಇಂಥ ಹೆದರಿಕೆಯಿಂದಲೇ.

ನಾವು ಮಾಡಿದ್ದು ಇಷ್ಟು. ಮೊದಲ ಸಲ ಕ್ಯಾಮೆರಾ, ಟೇಪು ಏನೂ ಒಯ್ಯದೆ, ಊರಿನ ಇಬ್ಬರು ಹಿರಿಯರ ಜೊತೆ ಮನೆಗೆ ಹೋಗಿ ಚಹಾ ಕುಡಿದು ಬಂದೆವು. ಎರಡನೇ ಸಲ, ಭೂಮಿಯ ಮೇಲೆ ಯಾವ ಹಕ್ಕೂ ಕೇಳುವುದಿಲ್ಲ, ವರ್ಷಕ್ಕೊಮ್ಮೆ ಎಡೆ ಹಿಡಿದು ಹೋಗುತ್ತೇವೆ ಅಂತ ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಟ್ಟೆವು. ಕಾಗದ ಓದಿ ಮಡಚಿ ಕಿಸೆಗಿಟ್ಟುಕೊಂಡು ಆ ರೈತರು, “ಕಟ್ಟಿ ನಾನೂ ಕೀಳಿಲ್ರೀ, ನಮ್ಮವ್ವ ಅಲ್ಲಿ ನೇಗಿಲ ತಾಗಸಬ್ಯಾಡ ಅಂದಿದ್ಳು” ಅಂದರು. ಅವರ ತಾಯಿಗೂ ನಮ್ಮ ಹಿರಿಯರಿಗೂ ಯಾವ ಸಂಬಂಧವೂ ಇರಲಿಲ್ಲ.

ಹೆಜ್ಜೆ 10: ದಾಖಲಿಸಿ, ನಿಲ್ಲಿಸಿ

ಕಲ್ಲು ಅಲುಗಾಡಿಸುವ ಮುನ್ನವೇ ಇದ್ದ ಜಾಗದಲ್ಲಿ ಫೋಟೊ ತೆಗೆಯಿರಿ: ದೂರದಿಂದ ಒಂದು, ನಾಲ್ಕೂ ಬದಿಯಿಂದ ಒಂದೊಂದು, ಅಕ್ಷರದ ಸಾಲುಗಳು ಹತ್ತಿರದಿಂದ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ, ಇಲ್ಲದಿದ್ದರೆ ಶಾಲೆಯ ಹುಡುಗರ ಸ್ಕೇಲು ಸಾಕು. ಫೋನಿನಲ್ಲೇ ಸುತ್ತಲೂ ನಡೆಯುತ್ತ, ಒಂದು ಚಿತ್ರದ ಮುಕ್ಕಾಲು ಪಾಲು ಮುಂದಿನದರಲ್ಲೂ ಬರುವಂತೆ ನಲವತ್ತು ಐವತ್ತು ಫೋಟೊ ತೆಗೆದರೆ ಮೆಶ್‌ರೂಮ್‌ನಂಥ ಉಚಿತ ತಂತ್ರಾಂಶದಲ್ಲಿ ಕಲ್ಲಿನ ಮೂರು ಆಯಾಮದ ಮಾದರಿ ಆಗುತ್ತದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಶಾಸನಗಳನ್ನು ಸ್ಕ್ಯಾನ್ ಮಾಡಿಸುತ್ತಿರುವುದು ಇದೇ ಉದ್ದೇಶಕ್ಕೆ. ಕಲ್ಲು ನಾಳೆ ಹೋದರೂ ಅಕ್ಷರ ಉಳಿಯಬೇಕು.

ಜಿಪಿಎಸ್ ಅಂಕಿಗಳನ್ನು ಮನೆಯ ಪುಸ್ತಕದಲ್ಲಿ ಬರೆದಿಡಿ. ಫೈಂಡ್ ಎ ಗ್ರೇವ್, ಬಿಲಿಯನ್‌ಗ್ರೇವ್ಸ್‌ನಂಥ ತಾಣಗಳಿಗೆ ಚರ್ಚಿನ ಆವರಣದ ಗೋರಿ ಏರಿಸಿದರೆ ತೊಂದರೆಯಿಲ್ಲ. ಆದರೆ ಹೊಲದ ನಡುವಿನ ಒಂಟಿ ಗದ್ದುಗೆಯ ಕರಾರುವಾಕ್ಕು ಜಾಗವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ, ನಿಧಿಯವರೂ ಇಂಟರ್ನೆಟ್ ನೋಡುತ್ತಾರೆ. ತಾಲ್ಲೂಕು, ಊರು ಹಾಕಿದರೆ ಸಾಕು.

ನಿಲ್ಲಿಸುವಾಗ ಸಿಮೆಂಟು ಸುರಿದು ಕಲ್ಲನ್ನು ಹೂತುಬಿಡಬೇಡಿ. ಸಿಮೆಂಟಿನ ಉಪ್ಪು ಕಲ್ಲಿಗೆ ಏರಿ ಮೈ ಸುಲಿಯುತ್ತದೆ, ಮುಂದೆ ತೆಗೆಯಬೇಕಾದರೆ ಒಡೆದೇ ತೆಗೆಯಬೇಕು. ಹಳೆಯ ಗುಳಿಗೆ ಇಳಿಸಿ, ಸುತ್ತ ಮರಳು, ಸುಣ್ಣದ ಗಾರೆ ತುಂಬಿದರೆ ಸಾಕು. ಹಳೆ ಅಕ್ಷರದ ಮೇಲೆ ಹೊಸದಾಗಿ ಉಳಿ ಹಾಕಿಸಬೇಡಿ, ಬಣ್ಣ ಬಳಿಯಬೇಡಿ. ಹೆಸರು ಎಲ್ಲರಿಗೂ ಕಾಣಬೇಕು ಅಂದರೆ ಪಕ್ಕದಲ್ಲಿ ಚಿಕ್ಕದೊಂದು ಹೊಸ ಫಲಕ ಇಡಿ, ಅದರಲ್ಲಿ ಯಾವಾಗ ಮರಳಿ ನಿಲ್ಲಿಸಿದಿರಿ ಅಂತಲೂ ಬರೆಸಿ. ನಿಮ್ಮ ಮೊಮ್ಮಕ್ಕಳು ಎರಡೂ ಒಂದೇ ಕಾಲದ್ದು ಅಂದುಕೊಳ್ಳಬಾರದಲ್ಲ.

ಇನ್ನು ಕಲ್ಲು ಇಷ್ಟು ದಿನ ಮಾಡುತ್ತಿದ್ದ ಕೆಲಸಕ್ಕೆ ಬದಲಿ ಕಲ್ಲು ಕೊಡುವುದನ್ನು ಮರೆಯಬೇಡಿ. ಇದು ಖರ್ಚಿನ ಪಟ್ಟಿಯಲ್ಲಿ ಮೊದಲೇ ಇರಲಿ. ಹೊಸ್ತಿಲು ಕಿತ್ತುಕೊಂಡು ಹೋದವರನ್ನು ಯಾವ ಮನೆಯವರೂ ಹರಸುವುದಿಲ್ಲ. ನಾವು ಇಳಕಲ್ಲಿನಿಂದ ಮೂರಡಿಯ ಗ್ರಾನೈಟು ತರಿಸಿ ಬಚ್ಚಲ ಹಿಂದೆ ಹಾಕಿಸಿದೆವು. ದೊಡ್ಡವ್ವನಿಗೆ ಅದು ಇನ್ನೂ ಹಿಡಿಸಿಲ್ಲ. “ಬಾಳ ನುಣುಪೈತಿ, ಅರಬಿ ಜಾರತಾವ” ಅನ್ನುತ್ತಾಳೆ.